ಸೆಮಿನಾರಿಗೆ ಮೊದಲು ಓದಬೇಕಾದ ಪತ್ರ

ತೀರ್ಥಹಳ್ಳಿ

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಹಿಡಿದು ಕೂತಿದೆ, ಕರೆಂಟು ಬಂದರೆ ಬಂತು ಎನ್ನುವ ಸ್ಥಿತಿ. ಹಾಗಾಗಿ ನೀನು ಶಂಕರಘಟ್ಟದಿಂದ ಕಳಿಸಿದ ಸ್ಲೈಡುಗಳನ್ನು ಮೊಬೈಲಿನಲ್ಲಿ ಕಂತು ಕಂತಾಗಿ ನೋಡಿದೆ. ಚೆನ್ನಾಗಿವೆ ಎಂದು ಹೇಳಿ ಮುಗಿಸಿದ್ದರೆ ನಿನಗೂ ಸಂತೋಷ, ನನಗೂ ನೆಮ್ಮದಿ. ಜೀವಮಾನವೆಲ್ಲ ಸಸ್ಯಶಾಸ್ತ್ರದ ಪಾಠ ಮಾಡಿದವಳಿಗೆ ಅಷ್ಟಕ್ಕೆ ಸುಮ್ಮನಿರಲು ಆಗುವುದಿಲ್ಲ.

ಎಲೆಗೆ ಹಸಿರು ಕೊಟ್ಟು ಬೆಳಕಿನಿಂದ ಆಹಾರ ತಯಾರಿಸುವ ಕ್ಲೋರೋಪ್ಲಾಸ್ಟ್ ಎಂಬ ಕಣದೊಳಕ್ಕೆ ಪ್ರೋಟೀನುಗಳು ಹೇಗೆ ಹೋಗುತ್ತವೆ ಎಂಬ ವಿಷಯ ಆರಿಸಿಕೊಂಡದ್ದು ಸರಿಯಾಗಿದೆ. ಆದರೆ ಎರಡನೆಯ ಸ್ಲೈಡಿನಿಂದಲೇ ಆ ಸಾಗಣೆ ನಡೆಸುವ ಪ್ರೋಟೀನುಗಳ ಹೆಸರುಗಳನ್ನು, ಟಾಕ್ 159, ಟಾಕ್ 75, ಟಾಕ್ 34, ಟಿಕ್ 110, ಟಿಕ್ 40, ಟಿಕ್ 20 ಎಂದು ಮದುವೆ ಮನೆಯ ಸಾಮಾನಿನ ಪಟ್ಟಿಯನ್ನು ಓದಿದಂತೆ ಓದುತ್ತಾ ಹೋಗಿದ್ದೀಯ. ಕೇಳುವವರಿಗೆ ಹೆಸರುಗಳು ಬೇಕಾಗಿಲ್ಲ. ಅವು ಅಲ್ಲಿವೆ ಎಂದು ಹೇಗೆ ಗೊತ್ತಾಯಿತು ಎಂಬುದು ಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ, ಉಳಿದದ್ದೆಲ್ಲ ಇದರ ವಿವರಣೆ.

ಮೊದಲು ಸಮಸ್ಯೆಯನ್ನು ಹೇಳು, ನೇರವಾಗಿ. ಕ್ಲೋರೋಪ್ಲಾಸ್ಟಿಗೆ ಸುಮಾರು 3000 ಬಗೆಯ ಪ್ರೋಟೀನುಗಳು ಬೇಕು. ಅದರ ಸ್ವಂತ ಡಿಎನ್‌ಎಯಲ್ಲಿ ಪ್ರೋಟೀನು ತಯಾರಿಸುವ ಜೀನುಗಳು ನೂರಕ್ಕಿಂತ ಕಡಿಮೆ. ನೂರು ಕೋಟಿ ವರ್ಷಗಳಿಗೂ ಹಿಂದೆ ಸೈನೊಬ್ಯಾಕ್ಟೀರಿಯವೊಂದು ಇನ್ನೊಂದು ಕೋಶದೊಳಗೆ ಸೇರಿಕೊಂಡು ಕ್ಲೋರೋಪ್ಲಾಸ್ಟಾಯಿತು. ಬರಬರುತ್ತ ಅದರ ಜೀನುಗಳಲ್ಲಿ ಹೆಚ್ಚಿನವು ಕೋಶಕೇಂದ್ರಕ್ಕೆ ವರ್ಗವಾದವು. ಈಗ ಅವುಗಳ ಪ್ರೋಟೀನುಗಳು ಹೊರಗಿನ ಕೋಶದ್ರವ್ಯದಲ್ಲಿ ತಯಾರಾಗಿ ಎರಡು ಪೊರೆಗಳನ್ನು ದಾಟಿ ಒಳಗೆ ಬರಬೇಕು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ರುಬಿಸ್ಕೋ ಕಿಣ್ವವನ್ನೇ ನೋಡು. ಎಂಟು ದೊಡ್ಡ ತುಣುಕು, ಎಂಟು ಸಣ್ಣ ತುಣುಕು ಸೇರಿದರೆ ಒಂದು ಕಿಣ್ವ. ದೊಡ್ಡದರ ಜೀನು ಕ್ಲೋರೋಪ್ಲಾಸ್ಟಿನೊಳಗೇ ಇದೆ, ಸಣ್ಣದರ ಜೀನು ಕೋಶಕೇಂದ್ರದಲ್ಲಿ. ನಮ್ಮ ಗುಡ್ಡದ ಹಸಿರೆಲ್ಲ ಈ ಎರಡು ಕಡೆಯ ಲೆಕ್ಕ ತಾಳೆಯಾಗುವುದರ ಮೇಲೆ ನಿಂತಿದೆ.

ಇಲ್ಲಿಂದ ನೇರ 1978ಕ್ಕೆ ಹೋಗು. ಆ ವರ್ಷ ಚುವಾ ಮತ್ತು ಶ್ಮಿಟ್ ಒಂದು ಕಡೆ, ಹೈಫೀಲ್ಡ್ ಮತ್ತು ಎಲ್ಲಿಸ್ ಇನ್ನೊಂದು ಕಡೆ ಬಹುಮಟ್ಟಿಗೆ ಒಂದೇ ಪ್ರಯೋಗ ಮಾಡಿದರು. ರುಬಿಸ್ಕೋದ ಸಣ್ಣ ತುಣುಕನ್ನು ಕೋಶದ ಹೊರಗೆ, ಪ್ರನಾಳದಲ್ಲಿ ತಯಾರಿಸಿದರು. ಅದು ಗಿಡದೊಳಗೆ ಸಿಗುವುದಕ್ಕಿಂತ ದೊಡ್ಡದಾಗಿತ್ತು. ಗಿಡದಲ್ಲಿ ಸುಮಾರು 14 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಮಾನ), ಪ್ರನಾಳದಲ್ಲಿ ಸುಮಾರು 20. ಆ ದೊಡ್ಡ ರೂಪವನ್ನು ಎಲೆಯಿಂದ ಬೇರ್ಪಡಿಸಿದ ಕ್ಲೋರೋಪ್ಲಾಸ್ಟುಗಳ ಜೊತೆ ಇಟ್ಟಾಗ ಅದು ಒಳಗೆ ಹೋಯಿತು, ಕತ್ತರಿಸಿಕೊಂಡು 14ಕ್ಕೆ ಇಳಿಯಿತು. ಪ್ರೋಟೀನಿನ ತಯಾರಿಕೆ ಪೂರ್ತಿ ಮುಗಿದ ಮೇಲೂ ಸಾಗಣೆ ನಡೆಯುತ್ತದೆ, ಆ ಹೊತ್ತಿಗೆ ಪ್ರೋಟೀನು ಹೆಣೆಯುವ ರೈಬೋಸೋಮಿನ ಹಂಗು ಬೇಕಿಲ್ಲ ಎಂದು ಇದರಿಂದ ತಿಳಿಯಿತು. ಮುಂದೆ ಚಾಚಿಕೊಂಡಿದ್ದ ಆ ಹೆಚ್ಚುವರಿ ತುದಿಯೇ ಟ್ರಾನ್ಸಿಟ್ ಪೆಪ್ಟೈಡ್. ನೀನು ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ, ನನಗೆ ಹೊಟ್ಟೆ ಉರಿಯಿತು! ಪ್ರೋಟೀನಿನ ಘಟಕಗಳಾದ ಅಮೈನೊ ಆಮ್ಲಗಳಲ್ಲಿ ಸೆರಿನ್ ಮತ್ತು ಥ್ರಿಯೊನಿನ್ ಹೆಚ್ಚಿರುವ, ಆಮ್ಲೀಯ ಘಟಕಗಳು ತೀರಾ ಕಡಿಮೆ ಇರುವ, ಉದ್ದದಲ್ಲಿ 20ರಿಂದ 100ಕ್ಕೂ ಮಿಕ್ಕಿ ಅಮೈನೊ ಆಮ್ಲಗಳಿರುವ ತುದಿ ಅದು. ಎರಡು ಪ್ರೋಟೀನುಗಳ ತುದಿಗಳನ್ನು ಪಕ್ಕಪಕ್ಕ ಇಟ್ಟರೆ ಹೋಲಿಕೆ ಹುಡುಕಿದರೂ ಸಿಗದು, ಆದರೂ ಇಬ್ಬರಿಗೂ ಅದೇ ಬಾಗಿಲು ತೆರೆಯುತ್ತದೆ.

‘ಒಳಗೆ ಹೋಯಿತು ಎಂದು ಹೇಗೆ ಹೇಳುತ್ತೀಯ, ಹೊರಗೆ ಅಂಟಿಕೊಂಡಿರಬಹುದಲ್ಲ?’ ಎಂದು ನಿನ್ನ ಮೇಷ್ಟ್ರು ಕೇಳಿಯೇ ಕೇಳುತ್ತಾರೆ. ಕೇಳದಿದ್ದರೆ ನೀನೇ ಕೇಳಿಕೊಂಡು ಉತ್ತರಿಸು. ಸಾಗಣೆಯ ಬಳಿಕ ಥರ್ಮೊಲೈಸಿನ್ ಎಂಬ, ಪ್ರೋಟೀನನ್ನು ಕತ್ತರಿಸುವ ಕಿಣ್ವವನ್ನು ಹಾಕುತ್ತಾರೆ. ಅದು ಕ್ಲೋರೋಪ್ಲಾಸ್ಟಿನ ಹೊರಪೊರೆಯನ್ನು ದಾಟಲಾರದು. ಹೊರಗೆ ಅಂಟಿದ್ದೆಲ್ಲ ಚೂರಾಗುತ್ತದೆ, ಒಳಗೆ ಹೋದದ್ದು ಉಳಿಯುತ್ತದೆ. ಪ್ರೋಟೀನಿಗೆ ಮೊದಲೇ ವಿಕಿರಣಶೀಲ ಗಂಧಕದ ಗುರುತು ಹಾಕಿದ್ದರೆ ಪ್ರೋಟೀನುಗಳನ್ನು ತೂಕದಂತೆ ಬೇರ್ಪಡಿಸುವ ಜೆಲ್ ಮೇಲೆ ಉಳಿದ ಪಟ್ಟಿ ಫಿಲ್ಮಿನಲ್ಲಿ ಕಾಣುತ್ತದೆ. ಪಕ್ಕದಲ್ಲೇ ಇನ್ನೊಂದು ಸಾಲು ಬೇಕು: ಡಿಟರ್ಜೆಂಟಿನಿಂದ ಪೊರೆ ಒಡೆದು ಅದೇ ಕಿಣ್ವ ಹಾಕಿದ್ದು. ಅಲ್ಲಿ ಪಟ್ಟಿ ಮಾಯವಾಗಬೇಕು. ಆಗದಿದ್ದರೆ ಕಿಣ್ವವೇ ಕೆಲಸ ಮಾಡಿಲ್ಲ ಎಂದಾಯಿತು, ಮೊದಲ ಸಾಲಿಗೂ ಅರ್ಥವಿಲ್ಲ. ಈ ಸಾಲನ್ನು ಮರೆಯಬೇಡ ಪುಟ್ಟಿ, ಸೆಮಿನಾರ್ ಗೆಲ್ಲುವುದೂ ಸೋಲುವುದೂ ಇಲ್ಲೇ.

ಇಷ್ಟಾದ ಮೇಲೆ ಯಂತ್ರಕ್ಕೆ ಬಾ. ಹೊರಪೊರೆಯಲ್ಲಿ ಟಾಕ್, ಒಳಪೊರೆಯಲ್ಲಿ ಟಿಕ್. ಟಾಕ್ 159 ಮತ್ತು 34 ಟ್ರಾನ್ಸಿಟ್ ಪೆಪ್ಟೈಡನ್ನು ಗುರುತಿಸುತ್ತವೆ, ಜಿಟಿಪಿ ಎಂಬ ಶಕ್ತಿಯ ಅಣುವನ್ನು ಹಿಡಿದು ಕೆಲಸ ಮಾಡುತ್ತವೆ. ಟಾಕ್ 75 ದಾಟುವ ರಂಧ್ರ. ಹೊಳೆಯ ಕಾಲುಸಂಕದ ಮೇಲೆ ಹೋಗುವವರಂತೆ ಅಮೈನೊ ಆಮ್ಲಗಳು ಒಂದರ ಹಿಂದೊಂದು ಸಾಲಾಗಿ ದಾಟಬೇಕು, ಅದಕ್ಕಾಗಿ ಪ್ರೋಟೀನು ಬಹುಮಟ್ಟಿಗೆ ಮಡಿಕೆ ಬಿಚ್ಚಿಕೊಂಡೇ ಬರುತ್ತದೆ. ಕೋಶದ ಇಂಧನವಾದ ಎಟಿಪಿ ಕಡಿಮೆಯಿದ್ದರೆ ಪ್ರೋಟೀನು ಪೊರೆಗೆ ಅಂಟಿ ನಿಲ್ಲುತ್ತದೆ. ಹೆಚ್ಚು ಕೊಟ್ಟರೆ ಮಾತ್ರ ಒಳಗಿನ ಎಚ್‌ಎಸ್‌ಪಿ ಬಳಗದ ಪ್ರೋಟೀನುಗಳು ಎಟಿಪಿ ಖರ್ಚು ಮಾಡಿ ಎಳೆದುಕೊಳ್ಳುತ್ತವೆ. ಕ್ಲೋರೋಪ್ಲಾಸ್ಟಿನ ಒಳದ್ರವವಾದ ಸ್ಟ್ರೋಮಾ ಸೇರುತ್ತಿದ್ದಂತೆ ಒಂದು ಕಿಣ್ವ ಟ್ರಾನ್ಸಿಟ್ ಪೆಪ್ಟೈಡನ್ನು ಕತ್ತರಿಸುತ್ತದೆ.

ಹೆಸರಿನ ಮುಂದಿನ ಅಂಕೆ ಪ್ರೋಟೀನಿನ ತೂಕ, ಕಿಲೋಡಾಲ್ಟನ್ ಲೆಕ್ಕದಲ್ಲಿ. ಟಾಕ್ 159 ಮೊದಲು ಬಟಾಣಿ ಗಿಡದಲ್ಲಿ ಸಿಕ್ಕಾಗ ಅದರ ಹೆಸರಿನಲ್ಲಿದ್ದ ಅಂಕೆ 86. ಬೇರ್ಪಡಿಸುವಾಗ ಅದರ ಒಂದು ಭಾಗ ಕತ್ತರಿಸಿಹೋಗುತ್ತಿತ್ತು, ಉಳಿದ ತುಂಡನ್ನೇ ಪೂರ್ತಿ ಪ್ರೋಟೀನು ಎಂದು ಎಣಿಸಿದ್ದರು. ಇಡೀ ರೂಪ ಕಾಣಿಸಿಕೊಂಡದ್ದು ನಂತರ. ಇಂಥದ್ದನ್ನು ಹೇಳು, ಸಭೆ ಎಚ್ಚರವಾಗಿರುತ್ತದೆ.

ಒಳಪೊರೆಯ ವಿಚಾರದಲ್ಲಿ ಮಾತ್ರ ಖಚಿತ ಧ್ವನಿ ಬೇಡ. ಟಿಕ್ 110 ರಂಧ್ರ ಎಂದು ಹಲವರು ನಂಬಿದ್ದರು. 2013ರಲ್ಲಿ ಜಪಾನಿನ ತಂಡವೊಂದು ಟಿಕ್ 20, 56, 100, 214 ಸೇರಿದ ದೊಡ್ಡ ಸಂಕೀರ್ಣವನ್ನು ಮುಂದಿಟ್ಟಿತು. 2022 ಮತ್ತು 2023ರಲ್ಲಿ ಕ್ಲಾಮಿಡೊಮೊನಾಸ್ ಶೈವಲದ ಟಾಕ್-ಟಿಕ್ ಜೋಡಿಯ ರಚನೆಯನ್ನು ಕ್ರಯೊ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಬಿಡಿಸಿದರು. ಅದರಲ್ಲೂ ಟಿಕ್ 20, 214 ಇವೆ. ಆದರೆ ಟಿಕ್ 214ರ ಜೀನು ಕ್ಲೋರೋಪ್ಲಾಸ್ಟಿನದು, ಹುಲ್ಲಿನ ಕುಲದ ಗಿಡಗಳಲ್ಲಿ ಅದು ಕಳೆದುಹೋಗಿದೆ. ನಿಮ್ಮ ಮನೆಯ ಗದ್ದೆಯ ಭತ್ತವೂ ಹುಲ್ಲಿನ ಕುಲದ್ದೇ ತಾನೆ, ಅದು ಹೇಗೆ ನಿಭಾಯಿಸುತ್ತದೆ? ಈ ಪ್ರಶ್ನೆಯನ್ನು ಸಭೆಯ ಮುಂದೆ ತೆರೆದಿಡು, ಮುಚ್ಚಬೇಡ.

ಕ್ಲೋರೋಪ್ಲಾಸ್ಟಿನೊಳಗಿನ ಹಸಿರು ಪೊರೆಯ ಚೀಲವಾದ ಥೈಲಕಾಯ್ಡಿನ ಒಳದಾರಿಗಳಿಗೆ ಒಂದೇ ಸ್ಲೈಡ್ ಸಾಕು. ನಾಲ್ಕನ್ನೂ ಬಿಡಿಸಲು ಹೊರಟರೆ ಊಟದ ಹೊತ್ತಾಗುತ್ತದೆ. ಮಡಿಚಿಕೊಂಡ ಪ್ರೋಟೀನನ್ನೂ ಹಾಗೇ ಸಾಗಿಸುವ ಟ್ಯಾಟ್ ದಾರಿಯ ಬಗ್ಗೆ ಮಾತ್ರ ಒಂದು ಮಾತು ಹೇಳು.

ಇನ್ನು ನಿನ್ನ ಅಪ್ಪನ ಪ್ರಶ್ನೆ. ತೋಟದ ಅಡಿಕೆಗೆ ಬಂದ ಹಳದಿ ಎಲೆ ರೋಗಕ್ಕೂ ನೀನು ಓದುವುದಕ್ಕೂ ಸಂಬಂಧ ಇದೆಯೇ ಎಂದು ಕೇಳಿದನಂತೆ, ನೀನು ‘ಇರಬಹುದು’ ಎಂದೆಯಂತೆ. ಹಾಗೆಲ್ಲ ಹೇಳಬಾರದು ಮಾರಾಯ್ತಿ. ಅಡಿಕೆಯ ಆ ರೋಗಕ್ಕೆ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯನ್ನು ಕಾರಣವೆಂದು ಗುರುತಿಸಿದ್ದಾರೆ. ಪ್ರಯೋಗಕ್ಕೆ ಬಳಸುವ ಅರಬಿಡಾಪ್ಸಿಸ್ ಗಿಡದಲ್ಲಿ ಟಾಕ್ 34ರ ಪ್ರತಿರೂಪವಾದ ಟಾಕ್ 33 ಕೆಟ್ಟರೆ ಎಲೆ ಪೇಲವವಾಗುವುದು ನಿಜ, ಟಾಕ್ 159 ಇಲ್ಲವಾದರೆ ಸಸಿ ಬಿಳಿಚಿಕೊಂಡೇ ಸಾಯುವುದೂ ನಿಜ. ಎಲೆ ಹಳದಿಯಾಗಲು ನೂರು ಕಾರಣಗಳಿವೆ. ಬಣ್ಣ ನೋಡಿ ಬಾಗಿಲು ಕೆಟ್ಟಿದೆ ಎನ್ನಲು ನಿನ್ನ ಕೈಯಲ್ಲಿ ಜೆಲ್ ಇರಬೇಕು. ಅಪ್ಪನಿಗೆ ಫೋನ್ ಮಾಡಿ ಸರಿಪಡಿಸು, ಅವನು ಆಗಲೇ ಪಕ್ಕದ ಮನೆಯವರಿಗೂ ಹೇಳಿಬಿಟ್ಟಿರುತ್ತಾನೆ.

ಮೊದಲ ಸ್ಲೈಡಿನಲ್ಲಿ ಇಂಟರ್ನೆಟ್ಟಿನಿಂದ ತೆಗೆದುಕೊಂಡ ಬಣ್ಣದ ಕೋಶದ ಚಿತ್ರವನ್ನು ತೆಗೆದುಹಾಕಿ, ಆ 20 ಮತ್ತು 14ರ ಪಟ್ಟಿಗಳನ್ನು ನೀನೇ ಕೈಯಿಂದ ಬರೆದು ಹಾಕು. ಶನಿವಾರ ಬಸ್ಸು ಸಿಕ್ಕರೆ ಇಲ್ಲಿಗೇ ಬಾ, ನನ್ನ ಮುಂದೆ ಒಮ್ಮೆ ಮಾತಾಡಿ ತೋರಿಸು. ಮೊಬೈಲು ನೋಡಿಕೊಂಡು ಓದಿದರೆ ಕಡುಬು ಕೊಡುವುದಿಲ್ಲ.

ಇತಿ,
ನಿನ್ನ ಅತ್ತೆ