ಬೆಳಕಿಗಿರುವ ಎರಡು ಕೆಲಸ

ಮಾನ್ಯ ಸಂಪಾದಕರೇ,

ನನ್ನ ತಾಯಿ ದಿನಾ ಬೆಳಿಗ್ಗೆ ಮುಚ್ಚಿದ ಗಾಜಿನ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಮೈ ಕಾಯಿಸಿಕೊಳ್ಳುತ್ತಿದ್ದರು. ಆದರೂ ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ತೀರಾ ಕಡಿಮೆ. ಬಿಸಿಲಿನ ಕಾವನ್ನು ಒಳಗೆ ಬಿಡುವ ಗಾಜು, ಚರ್ಮದಲ್ಲಿ ಡಿ ತಯಾರಿಗೆ ಬೇಕಾದ ಯುವಿ-ಬಿ ಎಂಬ ನೇರಳಾತೀತ ಕಿರಣವನ್ನು ಬಹುತೇಕ ತಡೆಯುತ್ತದೆ ಎಂಬುದು ನಮಗೆ ಗೊತ್ತಿರಲಿಲ್ಲ. ಮುಂಜಾನೆಯ ಎಳೆಬಿಸಿಲಿನಲ್ಲೂ ಆ ಕಿರಣ ಅತ್ಯಲ್ಪ.

ಹೆಸರು ವಿಟಮಿನ್ ಆದರೂ ಇದರ ನಡೆ ಹಾರ್ಮೋನಿನದೇ. ಚರ್ಮದಲ್ಲಿ ಹುಟ್ಟಿ, ಯಕೃತ್ತು, ಮೂತ್ರಪಿಂಡಗಳಲ್ಲಿ ರೂಪ ಬದಲಿಸಿ, ಕೊನೆಗೆ ಕರುಳು ಕ್ಯಾಲ್ಸಿಯಂ ಹೀರಿಕೊಳ್ಳುವಂತೆ ಮಾಡುತ್ತದೆ.

ಹಾಗೆಂದು ಎಳೆಬಿಸಿಲು ವ್ಯರ್ಥವಲ್ಲ. ಅದರ ಕೆಲಸ ಕಣ್ಣಿನ ಮೂಲಕ. ಅಕ್ಷಿಪಟಲದ ಕೆಲವು ಕೋಶಗಳು ಬೆಳಕಿನ ಸುದ್ದಿಯನ್ನು ದೇಹದ ಹಗಲು-ರಾತ್ರಿಯ ಲಯ ಕಾಯುವ ಮಿದುಳಿನ ಗಡಿಯಾರಕ್ಕೆ ಮುಟ್ಟಿಸುತ್ತವೆ. ಆಗ ನಿದ್ದೆಯ ಹಾರ್ಮೋನು ಮೆಲಟೋನಿನ್ ತಗ್ಗುತ್ತದೆ, ರಾತ್ರಿ ಹೊತ್ತಿಗೆ ಸರಿಯಾಗಿ ಏರುತ್ತದೆ. ಜೀವಕೋಶದೊಳಗೆ ಇಂಥ ಗಡಿಯಾರ ನಡೆಯುವ ಗುಟ್ಟು ಬಿಡಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ಆದರೆ ಬೆಳಕಿನ ಪ್ರಮಾಣ ಅಳೆಯುವ ಲಕ್ಸ್ ಮಾನದಲ್ಲಿ ಕೋಣೆಯ ದೀಪ ಸಾಮಾನ್ಯವಾಗಿ ಕೆಲವು ನೂರು ಮಾತ್ರ. ಮೋಡ ಕವಿದ ಹಗಲಿನ ಬಯಲಲ್ಲೂ ಸಾವಿರಾರು.

ಡಿ ಕೊರತೆಗೆ ಮಾತ್ರೆಯಿದೆ, ನಿಜ. ಆದರೆ ಆ ಮಾತ್ರೆ ಈ ಗಡಿಯಾರಕ್ಕೆ ಕೀಲಿ ಕೊಡಲಾರದು. ಚರ್ಮ ಕೆಂಪಾಗುವಷ್ಟು ಬಿಸಿಲಿಗೆ ನಿಲ್ಲಿ ಎಂದು ನಾನು ಹೇಳುತ್ತಿಲ್ಲ, ಅದು ಅಪಾಯ. ಶಾಲೆ, ಕಚೇರಿಗಳು ಬೆಳಗಿನ ಹೊತ್ತು ಹದಿನೈದು ನಿಮಿಷವಾದರೂ ಎಲ್ಲರನ್ನೂ ಬಯಲಿಗೆ ಬಿಡಲಿ ಎಂಬುದಷ್ಟೇ ನನ್ನ ಕಳಕಳಿಯ ಮನವಿ.

– ಓರ್ವ ಓದುಗ