ಅಪ್ಪನ ಅಂಗಾಲು ನೋಡಿದ ಸಿಸ್ಟರ್‌ಗೆ

ರಕ್ತಕ್ಕೆ ಇಳಿದ ಸೋಂಕಿಗೆ ಅಪ್ಪನಿಗೆ ಕೊಡುತ್ತಿದ್ದ ಕೊನೆಯ ಇಂಜೆಕ್ಷನ್ ನಿನ್ನೆ ಆಯಿತು. 6 ವಾರ, ವಾರಕ್ಕೆ 3 ಸಲ, ಡಯಾಲಿಸಿಸ್ ಮುಗಿದ ಮೇಲೆ ಸೆಫಜೋಲಿನ್ ಅನ್ನೋ ಆಂಟಿಬಯೋಟಿಕ್. ಥ್ಯಾಂಕ್ಸ್ ಹೇಳೋಕೆ ಈಗ ಪುರುಸೊತ್ತು ಸಿಕ್ಕಿದೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಮೇ ತಿಂಗಳ ರಾಯಚೂರು ಗೊತ್ತಲ್ವಾ? ಸೆಖೆ ತಡೆಯಲಾರದೆ ಅಪ್ಪ ಒಂದು ಮಧ್ಯಾಹ್ನ ತಲೆ ಮೇಲೆ ಎರಡು ಚೊಂಬು ನೀರು ಸುರಿದುಕೊಂಡರು. ಕತ್ತಿನಲ್ಲಿ ಡಯಾಲಿಸಿಸ್ ಟ್ಯೂಬ್ ಇತ್ತು, ಪಟ್ಟಿ ಪೂರ್ತಿ ಒದ್ದೆ. ಆಸ್ಪತ್ರೆಗೆ ಹೋಗಿ ಬದಲಿಸೋದು ಬಿಟ್ಟು ನಾನು ಟೇಬಲ್ ಫ್ಯಾನ್ ಮುಂದೆ ಕೂರಿಸಿ ಒಣಗಿಸಿದೆ. ಸೋಂಕು ಅದರಿಂದಲೇ ಆಯಿತು ಅಂತ ಡಾಕ್ಟರ್ ಹೇಳಲಿಲ್ಲ. ನನಗೆ ಮಾತ್ರ ಇನ್ನೂ ಚುಚ್ಚುತ್ತೆ.

ವಾರ ಕಳೆದಿತ್ತು. ಮಷೀನ್ ಶುರುವಾಗಿ ಅರ್ಧ ಗಂಟೆಗೆ ಗಡಗಡ ನಡುಕ, ಹಿಂದೆಯೇ ಜ್ವರ. ಮಲೇರಿಯಾ ಇರಬೇಕು ಅಂದುಕೊಂಡೆವು. ಕತ್ತಿನ ಹತ್ತಿರ ಕೆಂಪಿಲ್ಲ, ಕೀವಿಲ್ಲ, ಒತ್ತಿದರೆ ನೋವೂ ಇಲ್ಲ. ಹೊರಗೆ ಏನೂ ಕಾಣದಿದ್ದರೂ ಟ್ಯೂಬಿನ ಒಳಗಿಂದ ಸೋಂಕು ರಕ್ತಕ್ಕೆ ಇಳಿಯಬಹುದು ಅಂತ ನಮಗೇನು ಗೊತ್ತು?

ಹೊದಿಕೆ ಸರಿಮಾಡುವಾಗ ಸಿಸ್ಟರ್ ಅಪ್ಪನ ಅಂಗಾಲು ನೋಡಿದರು. ಕಡಲೆಬೇಳೆಯಷ್ಟು ದೊಡ್ಡ ಕಡುಗೆಂಪು ಕಲೆಗಳು, ನಾಲ್ಕೋ ಐದೋ.

"ಹೊಲದಾಗ ಜಾಲಿಮುಳ್ಳು ತುಳಿದೀನವ್ವಾ" ಅಂದರು ಅಪ್ಪ.

ಸಿಸ್ಟರ್ ಹೆಬ್ಬೆರಳಿಂದ ಒತ್ತಿದರು. "ಮುಳ್ಳು ಚುಚ್ಚಿದ್ರ ನೋಯಬೇಕಲ್ಲ ಅಜ್ಜಾ?"

ನೋವೇ ಇರಲಿಲ್ಲ. ಕೈ ಹಿಡಿದು ಉಗುರು ನೋಡಿದರು. ಎರಡರ ಕೆಳಗೆ ಸಿಬಿರು ಹೊಕ್ಕಂತೆ ಕಪ್ಪು ಗೆರೆ. ಡಾಕ್ಟರನ್ನು ಕರೆಯೋಕೆ ಓಡಿದರು.

ಟ್ಯೂಬಿನಿಂದಲೂ ಕೈಯಿಂದಲೂ ರಕ್ತ ತೆಗೆದು, ಯಾವ ರೋಗಾಣು ಇದೆ ಅಂತ ಬೆಳೆಸಿ ನೋಡೋ ಕಲ್ಚರ್‌ಗೆ ಕಳಿಸಿದರು. ಎರಡರಲ್ಲೂ ಸ್ಟ್ಯಾಫಿಲೋಕಾಕಸ್ ಆರಿಯಸ್ ಅನ್ನೋ ಬ್ಯಾಕ್ಟೀರಿಯಾ. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನ್‌ನಲ್ಲಿ, ಹೃದಯದ ಕವಾಟಕ್ಕೆ ಅಂಟಿದ ಸಣ್ಣ ಗಂಟು. ಅದರ ಚೂರುಗಳು ರಕ್ತದ ಜೊತೆ ಹರಿದು ಅಂಗಾಲಿನಲ್ಲಿ ಸಿಕ್ಕಿಕೊಂಡಿದ್ದವು. ಆ ಕಲೆಗಳಿಗೆ ಜೇನ್‌ವೇ ಲೀಷನ್ ಅಂತಾರಂತೆ. ಟ್ಯೂಬ್ ತೆಗೆದರು. ಆಮೇಲಿನ ದಿನಗಳನ್ನು ನೆನೆಸಿಕೊಳ್ಳೋದು ಬೇಡ.

ರಾತ್ರಿ ಮನೆಗೇ ಹೋಗದ ಡಾಕ್ಟರ್‌ಗೆ, ಅಪ್ಪನ ಬೈಗುಳವನ್ನೆಲ್ಲ ನಕ್ಕು ಕೇಳಿಸಿಕೊಂಡ ಡಯಾಲಿಸಿಸ್ ಟೆಕ್ನೀಷಿಯನ್‌ಗೆ, 6 ವಾರವೂ ಉಪ್ಪು ಅಳೆದು ಅಡುಗೆ ಮಾಡಿದ ದೊಡ್ಡವ್ವನಿಗೆ, ಸ್ಟಾಪ್ ಇಲ್ಲದಿದ್ದರೂ ಆಸ್ಪತ್ರೆ ಗೇಟ್ ಮುಂದೆಯೇ ಇಳಿಸುತ್ತಿದ್ದ ಮಾನ್ವಿ ಬಸ್ಸಿನ ಕಂಡಕ್ಟರ್ ಅಣ್ಣನಿಗೆ ನಮಸ್ಕಾರ.

ಸಿಸ್ಟರ್, ನಿಮಗೆ ಏನು ಹೇಳಲಿ? ಡಯಾಲಿಸಿಸ್‌ಗೆ ಅಂತ ಎಡಗೈಯ ರಕ್ತನಾಳ ಜೋಡಿಸಿ ಮೊದಲೇ ಮಾಡಿಸಿದ್ದ ಫಿಸ್ಟುಲಾ ಈಗ ಬಲಿತಿದೆ, ಸೂಜಿ ಅಲ್ಲೇ ಹಾಕ್ತಾರೆ. ಕತ್ತು ಖಾಲಿ. ಆದರೂ ಅಪ್ಪ ಬೆಡ್ ಹತ್ತಿದ ಕೂಡಲೇ, ಯಾವ ಸಿಸ್ಟರ್ ಡ್ಯೂಟಿಯಲ್ಲಿದ್ದರೂ ಸರಿ, ಎರಡೂ ಕಾಲು ಎತ್ತಿ ಅಂಗಾಲು ತೋರಿಸುತ್ತಾರೆ.