ಆವರಣದೊಳಗಿನ ನಾಲ್ಕು

ಸೇಡಂ, ಕಲಬುರಗಿ ಜಿಲ್ಲೆ

ಚಿರಂಜೀವಿ ತಮ್ಮಾ, ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಗಣಿತದ ನೋಟ್‌ಬುಕ್ಕನ್ನು ಎರಡು ಸಲ ಓದಿದೆ. 3(ಎಕ್ಸ್ − 4) = 2ಎಕ್ಸ್ + 5 ಎಂಬ ಸಮೀಕರಣಕ್ಕೆ ನೀನು ಒಂದೇ ಸಾಲಿನಲ್ಲಿ 9 ಎಂದು ಉತ್ತರ ಬರೆದಿದ್ದೀಯ. ಇದರಿಂದ ನಿನಗೆ ಬೀಜಗಣಿತ ಬಾರದೆಂದು ತಿಳಿಯಬೇಡ. ಹೊರಗಿನ 3ರಿಂದ ಎಕ್ಸನ್ನು ಗುಣಿಸಿ, ಆವರಣದೊಳಗಿನ 4ನ್ನು ಹಾಗೆಯೇ ಬಿಟ್ಟಿರುವೆ, ಅಷ್ಟೇ. ಆವರಣ ಬಿಡಿಸಲೆಂದೇ ಒಂದು ಸಾಲನ್ನು ಮೀಸಲಿಟ್ಟಿದ್ದರೆ 3ಎಕ್ಸ್ − 12 = 2ಎಕ್ಸ್ + 5 ಎಂದು ಬರುತ್ತಿತ್ತು. ಮುಂದಿನ ಸಾಲಿನಲ್ಲಿ ಎರಡೂ ಬದಿಯಿಂದ 2ಎಕ್ಸ್ ಕಳೆದು, ಅದರ ಮುಂದಿನ ಸಾಲಿನಲ್ಲಿ ಎರಡೂ ಬದಿಗೆ 12 ಕೂಡಿಸಿದರೆ ಎಕ್ಸ್ = 17. ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತದೆ ಎಂದು ಬಾಯಿಪಾಠ ಮಾಡಿದವರು ಅವಸರದಲ್ಲಿ ಎಡವುವುದನ್ನು ಬಹಳ ಕಂಡಿದ್ದೇನೆ. ತಕ್ಕಡಿಯ ಎರಡೂ ತಟ್ಟೆಗಳಿಂದ ಸಮನಾಗಿ ತೆಗೆಯುತ್ತಿದ್ದೇನೆ ಎಂದುಕೊಂಡೇ ಬರೆ.

ಉತ್ತರ ಬಂದ ಮೇಲೆ ಪ್ರಶ್ನೆಯಲ್ಲಿ ಕೊಟ್ಟ ಮೂಲ ಸಮೀಕರಣದಲ್ಲೇ ತಾಳೆ ನೋಡಬೇಕು. 9 ಇಟ್ಟರೆ ಎಡಬದಿ 15, ಬಲಬದಿ 23. 17 ಇಟ್ಟರೆ ಎರಡೂ 39.

ರೇಖಾಗಣಿತದ ಸಾಧನೆಯಲ್ಲಿ ಹೀಗೆ ಬೆಲೆ ಇಟ್ಟು ತಾಳೆ ನೋಡಲು ಬರುವುದಿಲ್ಲವಾದ್ದರಿಂದ ಪ್ರತಿ ಹೇಳಿಕೆಯ ಎದುರಿಗೆ ಕಾರಣ ಬರೆಯಬೇಕು. ನಮ್ಮ ಪಡಸಾಲೆಗೆ ಶಹಾಬಾದ್ ಕಲ್ಲು ಹಾಸುವಾಗ ಗೌಂಡಿಯವರು ಮೂಲೆಯಿಂದ ಒಂದು ಗೋಡೆಗುಂಟ 3 ಅಡಿಗೆ, ಇನ್ನೊಂದರ ಗುಂಟ 4 ಅಡಿಗೆ ಗುರುತು ಹಾಕಿ, ಆ ಗುರುತುಗಳ ನಡುವೆ ದಾರ ಹಿಡಿದು ಸರಿಯಾಗಿ 5 ಅಡಿ ಇದೆಯೇ ಎಂದು ಅಳೆದದ್ದು ನಿನಗೆ ನೆನಪಿರಬೇಕು. ಅವರು ಬಳಸಿದ್ದು ಪೈಥಾಗೊರಸ್ ಪ್ರಮೇಯದ ವಿಲೋಮ. ಲಂಬಕೋನವಿದೆ ಎಂದು ಮೊದಲೇ ತಿಳಿದು ಬಾಹುವನ್ನು ಹುಡುಕಿದರೆ ಪ್ರಮೇಯ. ಬಾಹುಗಳ ಅಳತೆ ತಿಳಿದು ಲಂಬಕೋನವಿದೆ ಎಂದು ತೀರ್ಮಾನಿಸಿದರೆ ವಿಲೋಮ. ನೀನು ಎರಡು ಕಡೆ ಇವನ್ನು ಅದಲುಬದಲು ಮಾಡಿದ್ದೀಯ, ಒಂದು ಕಡೆಯಂತೂ ಕಾರಣದ ಜಾಗದಲ್ಲಿ 'ಚಿತ್ರದಿಂದ' ಎಂದು ಬರೆದಿದ್ದೀಯ. ಚಿತ್ರವು ದಾರಿ ತೋರಬಲ್ಲದು, ಸಾಕ್ಷಿ ಹೇಳಲಾರದು.

ಇಲ್ಲೇ ಹತ್ತಿರದ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯರು ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಹೇಳುವಾಗ, ಋಣ ಸಂಖ್ಯೆಯು ಸ್ವಭಾವತಃ ವರ್ಗವಾಗಿರಲಾರದು ಎಂಬ ಕಾರಣವನ್ನೂ ಜೊತೆಗೇ ಕೊಟ್ಟರು. ಒಂದೇ ಮಾತಿನ ಕಾರಣ, ಆದರೂ ಬಿಡಲಿಲ್ಲ.

ನೋಟ್‌ಬುಕ್ಕನ್ನು ನಿನ್ನ ಅಪ್ಪನ ಕೈಯಲ್ಲಿ ಕಳುಹಿಸಿದ್ದೇನೆ. ತಪ್ಪಾದ ಏಳು ಲೆಕ್ಕಗಳಿಗೆ ಪೆನ್ಸಿಲ್‌ನಿಂದ ಗುರುತು ಹಾಕಿದ್ದೇನೆ, ಉತ್ತರ ಬರೆದಿಲ್ಲ. ಎಳ್ಳಮಾವಾಸ್ಯೆಗೆ ಬರುವಷ್ಟರಲ್ಲಿ ಅವನ್ನು ಸಾಲು ಸಾಲಾಗಿ ಬಿಡಿಸಿ ತಾ; ಹೊಲದಲ್ಲಿ ಚರಗ ಚೆಲ್ಲಿ ಊಟ ಮುಗಿದ ಮೇಲೆ ಇಬ್ಬರೂ ಕುಳಿತು ನೋಡೋಣ.

ಇತಿ,
ನಿನ್ನ ದೊಡ್ಡಪ್ಪ